ಕೊಲ್ಯೂರಿನ ಕಿಟಕಿಯೋ, ಲೆಸ್ತಾಕ್‌ನ ಕೊಲ್ಲಿಯೋ? ಮನೆಗೆ ಕಡಲ ಚಿತ್ರದ ಪ್ರಿಂಟ್ ಆರಿಸುವ ಬಗೆ

ಮನೆಗೆ ಕಡಲಿನ ಚಿತ್ರವೊಂದರ ಪ್ರಿಂಟ್ ತರಬೇಕು, ಆದರೆ ತೆಂಗಿನ ಮರದ ಹಿಂದೆ ಮುಳುಗುವ ಸೂರ್ಯ ಬೇಡ ಅನ್ನುವವರಿಗೆ ಫ್ರಾನ್ಸಿನ ದಕ್ಷಿಣ ಕರಾವಳಿಯ ಚಿತ್ರಗಳು ತುಂಬಾ ಒಳ್ಳೆಯ ಆಯ್ಕೆ. ಅವುಗಳಲ್ಲಿ ಮೂರನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ. ಒಂದು, ಆನ್ರಿ ಮಾತೀಸ್ 1905ರಲ್ಲಿ ಬರೆದ 'ತೆರೆದ ಕಿಟಕಿ, ಕೊಲ್ಯೂರ್'. ಇನ್ನೊಂದು, ಅದೇ ಬೇಸಿಗೆಯಲ್ಲಿ ಅದೇ ಊರಿನಲ್ಲಿ ಆಂದ್ರೆ ದೆರಾಂ ಬರೆದ 'ಕೊಲ್ಯೂರಿನ ಬೆಟ್ಟಗಳು'. ಮೂರನೆಯದು ಇವರಿಬ್ಬರಿಗೂ ಹಿರಿಯನಾದ ಪಾಲ್ ಸೆಜಾನ್ ಸುಮಾರು 1885ರಲ್ಲಿ ಬರೆದ 'ಲೆಸ್ತಾಕ್‌ನಿಂದ ಕಂಡ ಮಾರ್ಸೆಯ್ ಕೊಲ್ಲಿ'.

ಯಾವುದು ಚಂದ ಅನ್ನೋದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಯಾವುದು ನಿಮ್ಮ ಗೋಡೆಯ ಮೇಲೆ ಪ್ರಿಂಟ್ ಆಗಿಯೂ ಜೀವಂತವಾಗಿ ಉಳಿಯುತ್ತದೆ ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ಎರಡು ಸಂಗತಿ ನೋಡಬೇಕು: ಮೂಲ ಚಿತ್ರದ ಅಳತೆ ಎಷ್ಟು, ಅದರೊಳಗಿನ ಬಿಳಿ ಎಲ್ಲಿಂದ ಬಂದಿದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಫ್ರೇಮಿನ ಬಣ್ಣದಿಂದ ಮಾತು ಶುರುವಾಗುತ್ತದೆ. ಅದು ಕೊನೆಗೆ ಬರಬೇಕಾದ ಮಾತು.

ಚಿತ್ರ ಯಾವುದು?

ಕೊಲ್ಯೂರ್ ಅನ್ನೋದು ಸ್ಪೇನ್ ಗಡಿಗೆ ಹತ್ತಿರದ ಒಂದು ಮೀನುಗಾರರ ಊರು. 1905ರ ಬೇಸಿಗೆಯಲ್ಲಿ ಮಾತೀಸ್ ಅಲ್ಲಿಗೆ ಹೋದಾಗ ಅವನಿಗೆ 35 ವರ್ಷ. ಅವನ ಜೊತೆ ಸೇರಿಕೊಂಡ ದೆರಾಂಗೆ 25. ಇಬ್ಬರೂ ಆ ಬಿಸಿಲನ್ನು ಬರೆಯಲು ನೆರಳಿನ ಕಪ್ಪು, ಕಂದು ಬಣ್ಣಗಳನ್ನು ಬಹುಮಟ್ಟಿಗೆ ಬಿಟ್ಟೇಬಿಟ್ಟರು. ಆ ವರ್ಷದ ಕೊನೆಯಲ್ಲಿ ಪ್ಯಾರಿಸ್ಸಿನ ಶರತ್ಕಾಲದ ಪ್ರದರ್ಶನದಲ್ಲಿ ಇವರ ಚಿತ್ರಗಳನ್ನು ಕಂಡ ವಿಮರ್ಶಕ ಲೂಯಿ ವೋಸೆಲ್ ಇವರನ್ನು ಕಾಡುಮೃಗಗಳಿಗೆ ಹೋಲಿಸಿದ. 'ತೆರೆದ ಕಿಟಕಿ' ಆ ಪ್ರದರ್ಶನದಲ್ಲೇ ಇತ್ತು. ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಚಿತ್ರದಲ್ಲಿ ಇರೋದು ಇಷ್ಟೇ. ಕಿಟಕಿಯ ಎರಡು ಬಾಗಿಲು ತೆರೆದಿವೆ. ಎಡಗಡೆ ಗೋಡೆ ಹಸಿರು ಬೆರೆತ ನೀಲಿ, ಬಲಗಡೆ ಗೋಡೆ ಗಾಢ ಗುಲಾಬಿ. ಕಿಟಕಿಯ ಬುಡದಲ್ಲಿ ಹೂಕುಂಡಗಳು, ಸುತ್ತ ಬಳ್ಳಿ. ಆಚೆ ನೀಲಿ ದೋಣಿಗಳು ಗುಲಾಬಿ ನೀರಿನ ಮೇಲೆ ನಿಂತಿವೆ. ಪಟದ ಕಂಬಗಳು ಕಿತ್ತಳೆ. ಕಡಲು ಚಿತ್ರದ ನಡುವೆ ಒಂದು ಚಿಕ್ಕ ತುಂಡು ಮಾತ್ರ. ಆದರೂ ಇಡೀ ಕೋಣೆಗೆ ಕಡಲ ಬೆಳಕು ನುಗ್ಗಿದ ಹಾಗೆ ಕಾಣುತ್ತದೆ, ಯಾಕೆಂದರೆ ಒಳಗಿನ ಗೋಡೆಗೂ ಹೊರಗಿನ ಆಕಾಶಕ್ಕೂ ಮಾತೀಸ್ ಒಂದೇ ಬಿಸುಪಿನ ಬಣ್ಣ ಕೊಟ್ಟಿದ್ದಾನೆ. ನನಗೆ ಇದು ಆ ಕಾಲದ ಕಡಲ ಚಿತ್ರಗಳಲ್ಲೇ ಅತ್ಯಂತ ಪ್ರೀತಿಯದು. ಮನೆಗೆ ಹಾಕಲು ನಾನು ಮೊದಲು ಹೇಳೋದೂ ಇದನ್ನೇ.

ದೆರಾಂನ 'ಬೆಟ್ಟಗಳು' ಕೂಡ ವಾಷಿಂಗ್ಟನ್ನಿನ ಅದೇ ಗ್ಯಾಲರಿಯಲ್ಲಿದೆ. ಇದರಲ್ಲಿ ಕಡಲೇ ಇಲ್ಲ. ಕಡಲಿಗೆ ಬೆನ್ನು ಹಾಕಿ ಕೊಲ್ಯೂರಿನ ಹಿಂದಿನ ಬೆಟ್ಟಗಳನ್ನು, ಅವುಗಳ ಮುಂದಿನ ಆಲಿವ್ ತೋಪನ್ನು ಬರೆದಿದ್ದಾನೆ. ಮರಗಳ ಭಾಗದಲ್ಲಿ ತುಂಡು ತುಂಡು ಗೆರೆಗಳು. ಬೆಟ್ಟಗಳಲ್ಲಿ ಉದ್ದನೆಯ, ಹರಿಯುವ ಪಟ್ಟಿಗಳು. ಕರಾವಳಿ ಅಂದರೆ ನೀರು ಕಾಣಲೇಬೇಕು ಅನ್ನುವವರಿಗೆ ಇದು ಬೇಡ. ಕರಾವಳಿಯ ಬಿಸಿಲು ಸಾಕು ಅನ್ನುವವರಿಗೆ ಇದಕ್ಕಿಂತ ಹುರುಪಿನ ಚಿತ್ರ ಸಿಗೋದು ಕಷ್ಟ. ಆದರೆ ಇದು ಗಲಾಟೆಯ ಚಿತ್ರ. ಪುಸ್ತಕದ ಕಪಾಟು, ಹೂವಿನ ಕರ್ಟನ್, ಟಿವಿ ಎಲ್ಲ ಇರುವ ಗೋಡೆಯಲ್ಲಿ ಇದಕ್ಕೆ ಉಸಿರಾಡಲು ಜಾಗ ಸಿಗೋದಿಲ್ಲ. ಇದಕ್ಕೆ ಖಾಲಿ ಗೋಡೆಯೇ ಬೇಕು.

ಸೆಜಾನ್‌ನ ಕೊಲ್ಲಿ ಇವೆರಡಕ್ಕೂ ಎದುರು ಸ್ವಭಾವದ್ದು. ಲೆಸ್ತಾಕ್ ಮಾರ್ಸೆಯ್ ನಗರದ ಪಕ್ಕದ ಕಡಲೂರು. ಮುಂದುಗಡೆ ಕೆಂಪು ಚಾವಣಿಯ ಮನೆಗಳು, ನಡುವೆ ಅಗಲವಾದ ನೀಲಿ ನೀರು, ಆಚೆ ದಡದಲ್ಲಿ ಬೆಟ್ಟಸಾಲು. 1876ರಲ್ಲಿ ಅಲ್ಲಿಂದ ಗೆಳೆಯ, ಚಿತ್ರಕಾರ ಪಿಸಾರೋಗೆ ಬರೆದ ಪತ್ರದಲ್ಲಿ ಸೆಜಾನ್, ಇಲ್ಲಿ ನೀಲಿ ಕಡಲ ಮೇಲೆ ಕೆಂಪು ಚಾವಣಿಗಳು ಇಸ್ಪೀಟು ಎಲೆಯ ಹಾಗೆ ಕಾಣುತ್ತವೆ ಅಂದಿದ್ದ. ಆ ಮಾತು ಪ್ರಿಂಟ್ ಕೊಳ್ಳುವವರಿಗೂ ಉಪಯೋಗಕ್ಕೆ ಬರುತ್ತದೆ. ದೂರ, ಹತ್ತಿರ ಎಲ್ಲವನ್ನೂ ಅವನು ಬಣ್ಣದ ಹಲಗೆಗಳ ಹಾಗೆ ಒಂದರ ಪಕ್ಕ ಒಂದು ಜೋಡಿಸಿದ್ದಾನೆ. ಹಾಗಾಗಿ ಅಳತೆ ಕಡಿಮೆ ಮಾಡಿದರೂ, ಕೋಣೆಯಲ್ಲಿ ಬೆಳಕು ಕಡಿಮೆ ಇದ್ದರೂ ಚಿತ್ರದ ಕಟ್ಟು ಕೆಡೋದಿಲ್ಲ. ದಿನವೂ ನೋಡಿದರೂ ಸಾಕೆನಿಸದ ಚಿತ್ರ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಅಂದಹಾಗೆ, ಕೈಯಲ್ಲಿ ಹೆಚ್ಚು ಕಾಸಿಲ್ಲದ ದಿನಗಳಲ್ಲೇ, 1899ರಲ್ಲಿ, ಮಾತೀಸ್ ಸೆಜಾನ್‌ನ 'ಮೂವರು ಸ್ನಾನ ಮಾಡುವವರು' ಚಿತ್ರವನ್ನು ಕೊಂಡಿದ್ದ. 1936ರವರೆಗೆ ಅದನ್ನು ತನ್ನ ಬಳಿಯೇ ಇಟ್ಟುಕೊಂಡು, ಆಮೇಲೆ ಪ್ಯಾರಿಸ್ಸಿನ ಮ್ಯೂಸಿಯಂಗೆ ಕೊಟ್ಟ.

ಬಿಳಿಯ ವಿಷಯ, ಅಂದರೆ ಕಾಗದದ ವಿಷಯ

ಮಾತೀಸ್ ಮತ್ತು ದೆರಾಂ ಆ ಬೇಸಿಗೆಯಲ್ಲಿ ಕ್ಯಾನ್ವಾಸಿನ ಬಿಳಿ ಲೇಪವನ್ನು ಪೂರ್ತಿ ಮುಚ್ಚಲಿಲ್ಲ. ಒಂದು ಕುಂಚದ ಗೆರೆಗೂ ಇನ್ನೊಂದಕ್ಕೂ ನಡುವೆ ಬಿಳಿ ಹಾಗೇ ಉಳಿದಿದೆ. ಚಿತ್ರ ಹೊಳೆಯುತ್ತಿದೆ ಅಂತ ನಮಗೆ ಅನಿಸಲು ಬಹುಪಾಲು ಕಾರಣ ಈ ಬಿಟ್ಟ ಜಾಗಗಳೇ. ಆ ಬಿಳಿ ಕಾಲಕ್ರಮೇಣ ಸ್ವಲ್ಪ ಕೆನೆಬಣ್ಣಕ್ಕೆ ತಿರುಗಿದೆ. ಪ್ರಿಂಟಿನಲ್ಲಿ ಆ ಜಾಗಗಳಿಗೆ ಶಾಯಿ ಬೀಳೋದು ತೀರಾ ಕಡಿಮೆ. ಅಲ್ಲಿ ಕಾಣೋದು ಹೆಚ್ಚುಕಡಿಮೆ ಕಾಗದವೇ. ಅಂದರೆ ನೀವು ಆರಿಸುವ ಕಾಗದ ಚಿತ್ರದ ಒಂದು ಬಣ್ಣವಾಗುತ್ತದೆ.

ಈಗ ಆಯ್ಕೆಗಳನ್ನು ನೋಡೋಣ. ಗ್ಲಾಸಿ ಫೋಟೋ ಕಾಗದ ಎಲ್ಲ ಲ್ಯಾಬುಗಳಲ್ಲಿ ಸಿಗುತ್ತದೆ, ಅಗ್ಗ. ಆದರೆ ಅದರ ಬಿಳಿ ತಣ್ಣಗಿನ, ನೀಲಿ ಛಾಯೆಯ ಬಿಳಿ. ಅದರ ಮೇಲೆ ಕೊಲ್ಯೂರಿನ ಬಿಸಿಲು ಟ್ಯೂಬ್‌ಲೈಟ್ ಬೆಳಕಾಗಿಬಿಡುತ್ತದೆ. ಮೇಲಾಗಿ ಅದರ ಮುಂದೆ ಗಾಜು ಬಂದರೆ ಹೊಳಪಿನ ಮೇಲೆ ಹೊಳಪು. ಮಾತೀಸ್‌ಗೂ ದೆರಾಂಗೂ ಇದು ಬೇಡವೇ ಬೇಡ.

ಆಫ್‌ಸೆಟ್ ಪೋಸ್ಟರ್ ಅಂದರೆ ಪುಸ್ತಕ, ಪತ್ರಿಕೆಗಳ ಹಾಗೆ ಸಾವಿರಗಟ್ಟಲೆ ಅಚ್ಚು ಹಾಕಿದ್ದು. ಮ್ಯೂಸಿಯಂ ಅಂಗಡಿಗಳ ಒಳ್ಳೆಯ ಪೋಸ್ಟರುಗಳಲ್ಲಿ ಬಣ್ಣ ಮೂಲಕ್ಕೆ ಹತ್ತಿರ ಇರುತ್ತದೆ, ಯಾಕೆಂದರೆ ಅಲ್ಲಿ ಮೂಲವನ್ನು ಎದುರಿಗೆ ಇಟ್ಟುಕೊಂಡು ಬಣ್ಣ ತಾಳೆ ನೋಡುವ ಅವಕಾಶ ಇದೆ. ತೊಂದರೆ ಏನೆಂದರೆ ನಾಲ್ಕೇ ಶಾಯಿಯಲ್ಲಿ ಗಾಢ ಗುಲಾಬಿ, ಉರಿಯುವ ಕಿತ್ತಳೆ ಪೂರ್ತಿ ಬರೋದಿಲ್ಲ. ಸೆಜಾನ್‌ನ ಕೆಂಪು ಮಣ್ಣಿನ ಚಾವಣಿ ಮತ್ತು ನೀಲಿಗೆ ಇದು ಸಾಕು. ಮಾತೀಸ್‌ನ ಗೋಡೆಗೆ ಸಾಲದು. ಸಾಮಾನ್ಯ ಪೋಸ್ಟರ್ ಶಾಯಿ ಬಿಸಿಲಿಗೆ ಬೇಗ ಮಾಸುತ್ತದೆ ಅನ್ನೋದೂ ನೆನಪಿರಲಿ.

ನನ್ನ ಮತ ಮ್ಯಾಟ್, ಅಂದರೆ ಹೊಳಪಿಲ್ಲದ, ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವ) ಶಾಯಿಯ ಇಂಕ್‌ಜೆಟ್ ಪ್ರಿಂಟಿಗೆ. ಅಂಗಡಿಯವರು ಇದನ್ನು ಜಿಕ್ಲೇ, ಆರ್ಕೈವಲ್ ಅಥವಾ ಫೈನ್ ಆರ್ಟ್ ಪ್ರಿಂಟ್ ಅನ್ನುತ್ತಾರೆ. ಆ ಹೆಸರು ಕೇಳಿಯೇ ಒಪ್ಪಿಕೊಳ್ಳಬೇಡಿ. ಶಾಯಿ ಪಿಗ್ಮೆಂಟೋ, ಕರಗಿದ ಬಣ್ಣದ ಡೈಯೋ? ಕಾಗದ ಯಾವುದು, ಚದರ ಮೀಟರಿಗೆ ಎಷ್ಟು ಗ್ರಾಂ ತೂಕ, ಅಂದರೆ ಎಷ್ಟು ಜಿಎಸ್‌ಎಂ? ಇವೆರಡನ್ನು ಕೇಳಿ. ಹಾನೆಮ್ಯೂಲೆ ಕಂಪನಿಯ ಫೋಟೋ ರ‍್ಯಾಗ್ ಅನ್ನುವ 308 ಜಿಎಸ್‌ಎಂ ಪೂರ್ತಿ ಹತ್ತಿಯ ಕಾಗದ ಬಹಳ ಕಡೆ ಬಳಕೆಯಲ್ಲಿದೆ. ಅಂಥದ್ದೇ ಬೇರೆ ಕಂಪನಿಯದ್ದೂ ಆಗಬಹುದು. ಮುಖ್ಯವಾಗಿ 'ಬ್ರೈಟ್ ವೈಟ್' ಅಂತ ಬರೆದಿರುವ ಕಾಗದ ಬೇಡ, 'ನ್ಯಾಚುರಲ್ ವೈಟ್' ಕೇಳಿ. ಬ್ರೈಟ್ ಕಾಗದಗಳಿಗೆ ಬಿಳಿ ಹೆಚ್ಚಿಸುವ ರಾಸಾಯನಿಕ ಸೇರಿಸಿರುತ್ತಾರೆ. ವರ್ಷಗಳು ಕಳೆದ ಹಾಗೆ ಅದರ ಶಕ್ತಿ ಕುಂದಿ ಕಾಗದ ಹಳದಿಯಾಗುತ್ತದೆ. ನ್ಯಾಚುರಲ್ ಕಾಗದ ಮೊದಲೇ ಸ್ವಲ್ಪ ಕೆನೆಬಣ್ಣದ್ದು, ಕೊಲ್ಯೂರಿನ ಕ್ಯಾನ್ವಾಸಿಗೆ ಹತ್ತಿರ.

ಇನ್ನೊಂದು ಮಾತನ್ನು ಲ್ಯಾಬಿನವರಿಗೆ ಗಟ್ಟಿಯಾಗಿ ಹೇಳಿ: ಆಟೋ ಕರೆಕ್ಷನ್ ಬೇಡ. ಫೋಟೋ ಮುದ್ರಿಸುವ ತಂತ್ರಾಂಶ ಕೆನೆಬಣ್ಣದ ಬಿಳಿಯನ್ನು ದೋಷ ಅಂತ ತಿಳಿದು ತೊಳೆದುಬಿಡುತ್ತದೆ, ಜೊತೆಗೆ ಗುಲಾಬಿಯನ್ನು ಇನ್ನಷ್ಟು ಏರಿಸುತ್ತದೆ. ಆಗ ಮಾತೀಸ್‌ನ ಚಿತ್ರ ಮಿಠಾಯಿ ಡಬ್ಬಿಯ ಮುಚ್ಚಳದ ಹಾಗೆ ಕಾಣತೊಡಗುತ್ತದೆ. ಪೂರ್ತಿ ಪ್ರಿಂಟಿಗೆ ಮೊದಲು ಎ4 ಅಳತೆಯ ಒಂದು ಸ್ಯಾಂಪಲ್ ತೆಗೆಸಿ. ಅದನ್ನು ಅಂಗಡಿಯಲ್ಲಿ ನೋಡಿ ಒಪ್ಪಬೇಡಿ. ಮನೆಗೆ ತಂದು, ಹಾಕಬೇಕೆಂದಿರುವ ಗೋಡೆಗೆ ಅಂಟಿಸಿ, ಬೆಳಿಗ್ಗೆ ಒಮ್ಮೆ ರಾತ್ರಿ ದೀಪದಲ್ಲಿ ಒಮ್ಮೆ ನೋಡಿ. ಸ್ವಲ್ಪ ಹೆಚ್ಚು ಕಾಸು ಆಗುತ್ತದೆ, ಆದರೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಕ್ಯಾನ್ವಾಸ್ ಪ್ರಿಂಟ್ ಬಗ್ಗೆ

ಮೂಲ ಚಿತ್ರ ಕ್ಯಾನ್ವಾಸಿನ ಮೇಲಿದೆ, ಹಾಗಾದರೆ ಪ್ರಿಂಟೂ ಕ್ಯಾನ್ವಾಸಿನಲ್ಲೇ ಇರಲಿ ಅಂತ ಎಷ್ಟೋ ಜನ ಯೋಚಿಸುತ್ತಾರೆ. ಕೇಳಲು ಸರಿ ಅನಿಸುತ್ತದೆ, ಅಲ್ವಾ? ನೋಡಿದಾಗ ಹಾಗಾಗೋದಿಲ್ಲ. ಒಳ್ಳೆಯ ಫೋಟೋದಲ್ಲಿ ಮೂಲ ಕ್ಯಾನ್ವಾಸಿನ ನೇಯ್ಗೆ, ಬಣ್ಣದ ದಪ್ಪ ಎಲ್ಲ ಕಾಣುತ್ತವೆ. ಅದನ್ನು ಮತ್ತೊಂದು ಕ್ಯಾನ್ವಾಸಿನ ಮೇಲೆ ಮುದ್ರಿಸಿದರೆ ಎರಡು ನೇಯ್ಗೆಗಳು ಒಂದರ ಮೇಲೊಂದು ಕೂತು ಸಣ್ಣ ಗೆರೆಗಳನ್ನು ಮಸುಕಾಗಿಸುತ್ತವೆ. ಚಪ್ಪಟೆ ಕಾಗದದ ಮೇಲೆ ಕುಂಚದ ಗೆರೆ ಹೆಚ್ಚು ಸ್ಪಷ್ಟ.

ಇನ್ನೊಂದು ತೊಂದರೆ ಅಂಚಿನದು. ಕ್ಯಾನ್ವಾಸನ್ನು ಮರದ ಚೌಕಟ್ಟಿಗೆ ಸುತ್ತಿ ಹಿಂದೆ ಪಿನ್ ಹೊಡೆಯುತ್ತಾರೆ. ಕೇಳದಿದ್ದರೆ ಚಿತ್ರದ ಅಂಚೇ ಆ ಮಡಿಕೆಗೆ ಹೋಗುತ್ತದೆ, ನಾಲ್ಕೂ ಕಡೆ ಒಂದೊಂದು ಇಂಚಿನಷ್ಟು. ಬೇರೆ ಚಿತ್ರಕ್ಕೆ ಇದು ನಡೆದೀತು. 'ತೆರೆದ ಕಿಟಕಿ'ಯಲ್ಲಿ ಅಂಚಿನಲ್ಲಿರೋದೇ ಆ ನೀಲಿ-ಹಸಿರು ಗೋಡೆ ಮತ್ತು ಗುಲಾಬಿ ಗೋಡೆ. ಅವು ಕಿರಿದಾದರೆ ಕೋಣೆ ಹೋಯಿತು, ಉಳಿಯೋದು ಬರೀ ದೋಣಿಗಳು. ಕ್ಯಾನ್ವಾಸೇ ಬೇಕು ಅಂದರೆ ಅಂಚಿಗೆ ಬೇರೆ ಬಿಳಿ ಪಟ್ಟಿ ಬಿಟ್ಟು, ಚಿತ್ರ ಪೂರ್ತಿ ಎದುರಿಗೇ ಬರುವ ಹಾಗೆ ಮಾಡಿಸಿ. ಕ್ಯಾನ್ವಾಸಿಗೆ ಇರುವ ಒಂದು ನಿಜವಾದ ಅನುಕೂಲ ಅದಕ್ಕೆ ಗಾಜು ಬೇಡ ಅನ್ನೋದು. ಕಿಟಕಿಗೆ ನೇರ ಎದುರಿನ ಗೋಡೆ ಬಿಟ್ಟು ಬೇರೆ ಜಾಗವೇ ಇಲ್ಲದಿದ್ದರೆ, ಸೆಜಾನ್‌ನ ಚಿತ್ರವನ್ನು ದೊಡ್ಡದಾಗಿ ಕ್ಯಾನ್ವಾಸಿನಲ್ಲಿ ಮಾಡಿಸಬಹುದು. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಬಣ್ಣ ತುಂಬಿರುವುದರಿಂದ ನಷ್ಟ ಕಡಿಮೆ.

ಅಳತೆ

ಇಲ್ಲಿ ಮಾತೀಸ್ ಗೆಲ್ಲುತ್ತಾನೆ. 'ತೆರೆದ ಕಿಟಕಿ'ಯ ಮೂಲ 55.3 ಸೆಂ.ಮೀ. ಎತ್ತರ, 46 ಸೆಂ.ಮೀ. ಅಗಲ. ಇಷ್ಟು ಹೆಸರಾದ ಚಿತ್ರ ಇಷ್ಟು ಚಿಕ್ಕದು. ಅಂದರೆ ಅದನ್ನು ಮೂಲದ ಅಳತೆಯಲ್ಲೇ, ಒಂದಿಷ್ಟೂ ಹಿಗ್ಗಿಸದೆ ಕುಗ್ಗಿಸದೆ, ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲೂ ಹಾಕಬಹುದು. ಕುಂಚದ ಪ್ರತಿ ಗೆರೆಯೂ ಮಾತೀಸ್‌ನ ಕೈ ಓಡಿದಷ್ಟೇ ಉದ್ದ ಇರುತ್ತದೆ. ಪ್ರಿಂಟಿನಲ್ಲಿ ಸಿಗಬಹುದಾದ ದೊಡ್ಡ ಸುಖ ಇದು. ಇದನ್ನೇ 4 ಅಡಿಗೆ ಹಿಗ್ಗಿಸಿ ಮಾರುವವರೂ ಇದ್ದಾರೆ. ಆಗ ಚುರುಕಾದ ಗೆರೆಗಳು ಸೋಮಾರಿ ಪಟ್ಟೆಗಳಾಗುತ್ತವೆ. ದಯವಿಟ್ಟು ಬೇಡ.

ರೆಡಿಮೇಡ್ ಫ್ರೇಮುಗಳಲ್ಲಿ 20×24 ಇಂಚಿನದು ಇದಕ್ಕೆ ಹೇಳಿಮಾಡಿಸಿದ ಹಾಗಿದೆ. ಚಿತ್ರ ಸುಮಾರು 18×21.8 ಇಂಚು. ಸುತ್ತ ಒಂದೊಂದು ಇಂಚು ಕಾಗದದ ಅಂಚು ಉಳಿಯುತ್ತದೆ, ಏನೂ ಕತ್ತರಿಸಬೇಕಾಗಿಲ್ಲ. 18×24 ಅಥವಾ 50×70 ಸೆಂ.ಮೀ. ಫ್ರೇಮಿಗೆ ತುಂಬಿಸಲು ಹೋದರೆ ಎರಡೂ ಬದಿಯ ಗೋಡೆ ಕತ್ತರಿಗೆ ಹೋಗುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ.

ದೆರಾಂನ ಬೆಟ್ಟಗಳು 81.3×100.3 ಸೆಂ.ಮೀ. ಸೆಜಾನ್‌ನ ಕೊಲ್ಲಿ 73×100.3 ಸೆಂ.ಮೀ. ಎರಡೂ ಅಡ್ಡ ಚಿತ್ರಗಳು, ಫ್ರೇಮ್ ಸೇರಿದರೆ ನಾಲ್ಕು ಅಡಿಗೆ ಹತ್ತಿರ. ದೆರಾಂ ಚಿತ್ರವನ್ನು ಅರ್ಧ ಅಳತೆಗೆ ಇಳಿಸಿದರೆ 16×20 ಇಂಚಿಗೆ ಸರಿಯಾಗಿ ಕೂರುತ್ತದೆ. ಆದರೆ ಅಷ್ಟರಲ್ಲಿ ಮರಗಳ ತುಂಡು ಗೆರೆಗಳು ಬೆರೆತು ಕಲಸಿದ ಹಾಗಾಗುತ್ತವೆ. ಅದಕ್ಕಿಂತ ಚಿಕ್ಕದು ಬೇಡ. ಸೆಜಾನ್ ಎ2 ಅಳತೆಗೆ ಹೆಚ್ಚುಕಡಿಮೆ ಹೊಂದುತ್ತಾನೆ, ಒಂದು ಬದಿಯಲ್ಲಿ ಒಂದೂಮುಕ್ಕಾಲು ಸೆಂ.ಮೀ. ಮಾತ್ರ ಹೆಚ್ಚಿಗೆ ಉಳಿಯುತ್ತದೆ. ಅಷ್ಟು ಚಿಕ್ಕದಾದರೂ ಕಟ್ಟು ಗಟ್ಟಿಯಾಗೇ ಇರುತ್ತದೆ.

ಫೈಲಿನ ಲೆಕ್ಕ ಇಷ್ಟೇ: ಇಂಚಿಗೆ 300 ಚುಕ್ಕೆ ಸಿಕ್ಕರೆ ಹತ್ತಿರದಿಂದ ನೋಡಿದರೂ ಚಂದ. ಮಾತೀಸ್ ಚಿತ್ರಕ್ಕೆ ಅದು ಸುಮಾರು 5,400×6,500 ಪಿಕ್ಸೆಲ್. 150 ಚುಕ್ಕೆಗಿಂತ ಕೆಳಗೆ ಇಳಿಯಬೇಡಿ. ವಾಟ್ಸ್ಯಾಪಿನಲ್ಲಿ ಬಂದ ಚಿತ್ರದಿಂದ ಪ್ರಿಂಟ್ ತೆಗೆಸೋದು ಸುಮ್ನೆ ಕಾಗದ ಹಾಳು.

ಫ್ರೇಮ್, ಗೋಡೆ, ಮಳೆಗಾಲ

ಮೌಂಟ್ ಬೋರ್ಡ್ ಅಂದರೆ ಗಾಜಿನ ಕೆಳಗೆ ಪ್ರಿಂಟಿನ ಸುತ್ತ ಇಡುವ ದಪ್ಪ ರಟ್ಟು. ಅದರ ಬಣ್ಣ ಆರಿಸುವಾಗ ಒಂದೇ ನಿಯಮ ಸಾಕು. ಬೋರ್ಡಿನ ಬಿಳಿ ಚಿತ್ರದೊಳಗಿನ ಬಿಳಿಗಿಂತ ಬೆಳ್ಳಗೆ ಇರಬಾರದು. ಇದ್ದರೆ ಚಿತ್ರ ಕೊಳೆಯಾದ ಹಾಗೆ ಕಾಣುತ್ತದೆ. ಕೆನೆಬಣ್ಣದ, ಆ್ಯಸಿಡ್ ಇಲ್ಲದ ಬೋರ್ಡ್ ಕೇಳಿ. ಮಾತೀಸ್‌ನ ಚಿತ್ರದೊಳಗೆ ಆಗಲೇ ಒಂದು ಕಿಟಕಿ ಚೌಕಟ್ಟು ಇದೆ, ಅದರ ಸುತ್ತ ದಪ್ಪನೆಯ ಕಪ್ಪು ಫ್ರೇಮ್ ಹಾಕಿದರೆ ಎರಡು ಚೌಕಟ್ಟುಗಳು ಜಗಳ ಆಡುತ್ತವೆ. ತೆಳುವಾದ, ತಿಳಿ ಮರದ ಪಟ್ಟಿ ಸಾಕು. ಸೆಜಾನ್ ಅಗಲವಾದ ತೇಗದ ಫ್ರೇಮನ್ನೂ ಹೊರುತ್ತಾನೆ.

ನೇತುಹಾಕುವ ಎತ್ತರಕ್ಕೆ ಮ್ಯೂಸಿಯಂಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಇರುವ ಹಾಗೆ ನೋಡಿಕೊಳ್ಳುತ್ತಾರೆ. ಅದು ನಿಂತು ನೋಡುವವರ ಲೆಕ್ಕ. ಮನೆಯಲ್ಲಿ ನಾವು ಕೂತು ನೋಡೋದೇ ಜಾಸ್ತಿ, ಆದ್ದರಿಂದ ಮೂರು ನಾಲ್ಕು ಇಂಚು ಇಳಿಸಿದರೂ ಪರವಾಗಿಲ್ಲ. ನಮ್ಮಲ್ಲಿ ದೇವರ ಪಟ, ಹಿರಿಯರ ಫೋಟೋ ಹಾಕಿ ಅಭ್ಯಾಸವಾಗಿ ಎಲ್ಲವನ್ನೂ ಬಾಗಿಲ ಮೇಲಿನ ಮಟ್ಟಕ್ಕೆ ಏರಿಸಿಬಿಡುತ್ತೇವೆ. ಈ ಚಿತ್ರಗಳು ಅಲ್ಲಿ ಕಾಣಿಸೋದೇ ಇಲ್ಲ.

ನೇರ ಬಿಸಿಲು ಬೀಳುವ ಗೋಡೆ ಯಾವ ಪ್ರಿಂಟಿಗೂ ಬೇಡ. ಕಿಟಕಿಗೆ ಪಕ್ಕದ ಗೋಡೆ ಒಳ್ಳೆಯದು: ಬೆಳಕು ಓರೆಯಾಗಿ ಬರುತ್ತದೆ, ಗಾಜಿನಲ್ಲಿ ಪ್ರತಿಬಿಂಬ ಕಡಿಮೆ. ರಾತ್ರಿಯ ದೀಪ 2,700 ಕೆಲ್ವಿನ್‌ನ ಹಳದಿ ಬಲ್ಬಾದರೆ ಸೆಜಾನ್‌ನ ನೀಲಿ ಮಂಕಾಗುತ್ತದೆ, ಮಾತೀಸ್‌ನ ಗುಲಾಬಿ ಕಿತ್ತಳೆಯ ಕಡೆ ವಾಲುತ್ತದೆ. 3,500ರಿಂದ 4,000 ಕೆಲ್ವಿನ್‌ನ ಎಲ್‌ಇಡಿ ಹಾಕಿ. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನೋದರ ಅಳತೆ ಸಿಆರ್‌ಐ. ಡಬ್ಬಿಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಹೆಚ್ಚು ಇದೆಯೇ ನೋಡಿ.

ಮಂಗಳೂರು, ಉಡುಪಿ, ಕಾರವಾರದ ಕಡೆಯ ಮನೆಗಳಿಗೆ, ಮಲೆನಾಡಿಗೂ ಸೇರಿಸಿ, ಇನ್ನೊಂದು ಎಚ್ಚರಿಕೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗೋಡೆಯೇ ಬೆವರುತ್ತದೆ. ಗಾಜಿಗೆ ಅಂಟಿಕೊಂಡ ಪ್ರಿಂಟ್ ಸುಕ್ಕಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮೌಂಟ್ ಬೋರ್ಡ್ ಇದ್ದರೆ ಗಾಜಿಗೂ ಕಾಗದಕ್ಕೂ ನಡುವೆ ಅಂತರ ಉಳಿಯುತ್ತದೆ. ಅಲ್ಲಿ ಅದು ಅಲಂಕಾರಕ್ಕಿಂತ ರಕ್ಷಣೆಗೆ ಬೇಕು. ಫ್ರೇಮಿನ ಹಿಂಭಾಗವನ್ನು ಟೇಪಿನಿಂದ ಪೂರ್ತಿ ಮುಚ್ಚಿಸಿ, ನಾಲ್ಕು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿ. ಫ್ರೇಮಿಗೂ ಗೋಡೆಗೂ ನಡುವೆ ಗಾಳಿ ಆಡುತ್ತದೆ. ಮಳೆ ಹೊಡೆಯುವ ಕಡೆಯ ಹೊರಗೋಡೆ ಬಿಟ್ಟು ಒಳಗಿನ ಗೋಡೆಗೇ ಹಾಕಿ. ಇಂಥ ಊರುಗಳಲ್ಲಿ ಕ್ಯಾನ್ವಾಸ್ ಪ್ರಿಂಟ್ ಸಡಿಲವಾಗಿ ಜೋಲುವುದೂ ಉಂಟು.

ಹಕ್ಕಿನ ಮಾತು

ಸೆಜಾನ್ 1906ರಲ್ಲೇ ತೀರಿಕೊಂಡ, ಅವನ ಚಿತ್ರಗಳ ಮೇಲೆ ಯಾರ ಹಕ್ಕೂ ಉಳಿದಿಲ್ಲ. ಮಾರ್ಸೆಯ್ ಕೊಲ್ಲಿಯ ಈ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಹಕ್ಕಿನ ಅವಧಿ ಮುಗಿದ ತನ್ನ ಸಂಗ್ರಹದ ಚಿತ್ರಗಳನ್ನು ಆ ಮ್ಯೂಸಿಯಂ 2017ರಿಂದ ಉಚಿತ ಡೌನ್‌ಲೋಡಿಗೆ ತೆರೆದಿಟ್ಟಿದೆ. ಮಾತೀಸ್, ದೆರಾಂ ಇಬ್ಬರೂ ತೀರಿಕೊಂಡದ್ದು 1954ರಲ್ಲಿ. ಭಾರತದ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ಇಲ್ಲಿ ಅವರ ಚಿತ್ರಗಳು 2015ರಿಂದ ಮುಕ್ತ. 70 ವರ್ಷದ ಲೆಕ್ಕ ಇರುವ ಯುರೋಪಿನಲ್ಲಿ 2025ರಿಂದ. ಅಲ್ಲಿರುವ ಕನ್ನಡಿಗರೂ ಈಗ ನಿಶ್ಚಿಂತೆಯಿಂದ ಪ್ರಿಂಟ್ ತೆಗೆಸಬಹುದು.

ನಮ್ಮದೇ ಕರಾವಳಿಯ ಕಡಲು ಬೇಕು ಅನ್ನುವವರಿಗೆ ಮೊದಲು ನೆನಪಾಗುವ ಹೆಸರು ಕೆ.ಕೆ. ಹೆಬ್ಬಾರ್. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಯಲ್ಲಿ ನೆಲೆಸಿ, 1996ರಲ್ಲಿ ತೀರಿಕೊಂಡವರು. ಅವರ ಚಿತ್ರಗಳ ಹಕ್ಕು 2056ರ ಕೊನೆಯವರೆಗೂ ಇದೆ. ಜಾಲದಲ್ಲಿ ಸಿಕ್ಕ ಫೈಲನ್ನು ಇಳಿಸಿಕೊಂಡು ಪ್ರಿಂಟ್ ಹಾಕಿಸೋದು ತಪ್ಪು. ಹಕ್ಕುದಾರರ ಒಪ್ಪಿಗೆಯಿಂದ ಮಾಡಿದ ಪ್ರತಿ ಸಿಕ್ಕರೆ ಮಾತ್ರ ಕೊಳ್ಳಿ. ಇಲ್ಲವಾದರೆ ಈಗ ನಮ್ಮ ನಡುವೆ ಇರುವ ಕಲಾವಿದರಲ್ಲಿ ಕಡಲನ್ನು ಬರೆಯುವವರನ್ನು ಹುಡುಕಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೆ ಅಂಥವರು ಬರುತ್ತಾರೆ. ಅಲ್ಲಿ ಚಿಕ್ಕ ಜಲವರ್ಣ ಚಿತ್ರಗಳ ಬೆಲೆ ಕೇಳಿ ನೋಡಿ. ಪ್ರಿಂಟಿಗೂ ಫ್ರೇಮಿಗೂ ಎತ್ತಿಟ್ಟ ಹಣಕ್ಕೆ ಮೂಲ ಚಿತ್ರವೇ ಸಿಗುವಂತಿದ್ದರೆ, ಮೇಲೆ ಹೇಳಿದ ಮೂರನ್ನೂ ಬಿಟ್ಟು ಅದನ್ನೇ ಮನೆಗೆ ತನ್ನಿ.